ಗಂಗುಲಪ್ಪ ಕೆರೆದ ಚುಕ್ಕೆ

ಶ್ರೀನಿವಾಸಪುರ, ೨೨-೧೧-೧೯೮೩, ಮಂಗಳವಾರ

ಮೀನುಗಾರ ಪೋಲಯ್ಯನ ಹೆಂಡತಿ ಬರೆಸಿದ ಕಾಗದವನ್ನು ಮತ್ತೆ ಓದಿದೆ. ಪುಲಿಕಾಟ್ ಸರೋವರದ ಅಳಿವೆಯಲ್ಲಿ ಮರಳು ತುಂಬಿ ಮೀನು ಸಿಗದಾದಾಗ, ಅವನು ತನ್ನ ಪುಟ್ಟ ದೋಣಿಯಲ್ಲೇ ಕಡಲಿಗೆ ಹೋದನಂತೆ. ವಾಪಸು ಬರಲಿಲ್ಲ. ನಾನು ತೆಗೆದದ್ದು ಬಿಟ್ಟರೆ ಅವನ ಫೋಟೋ ಒಂದೂ ಇಲ್ಲವಂತೆ. ಅದನ್ನು ಕಳಿಸಿ ಅಂತ ಕೇಳಿದ್ದಾಳೆ.

"ದಗ್ಗರಿಕೊಚ್ಚಿ ತೀಯಿ ಸಾಮೀ" ಎಂದು ಫೋಟೋ ತೆಗೆದ ದಿನ ಅಂಗಲಾಚಿದ್ದ. ಹತ್ತಿರ ಬಂದು ತೆಗಿ, ಮುಖ ಕಾಣಲಿ ಅಂತ. ನಾನು ಕೇಳಲಿಲ್ಲ. ಫೋಟೋ ತುಂಬ ಕಪ್ಪು ನೀರು, ದೂರದಲ್ಲಿ ಅವನ ಬಿಳಿ ರುಮಾಲು, ಅಷ್ಟೇ ಇರಬೇಕೆಂಬ ಹುಚ್ಚು ನನಗೆ.

ಬೆಳಿಗ್ಗೆ ಪ್ರಿಂಟ್ ಹಾಕಿದರೆ ಬರೀ ನೀರು ಬಂತು. ಬಿಳುಪೆಲ್ಲ ಕಪ್ಪಾಗುವ ನೆಗೆಟಿವಿನಲ್ಲಿ ಆ ರುಮಾಲು ಕರೀ ಚುಕ್ಕೆಯಾಗಿ ಕಂಡಿದೆ. ನಮ್ಮ ಸ್ಟುಡಿಯೋದಲ್ಲಿ ನೆಗೆಟಿವ್ ತಿದ್ದುವ ಗಂಗುಲಪ್ಪ, ಮದುವೆ ಹೆಣ್ಣುಗಳ ಫೋಟೋದ ಕಲೆ ತೆಗೆಯುವ ಬ್ಲೇಡಿನಲ್ಲೇ ಅದನ್ನು ಕೆರೆದುಬಿಟ್ಟಿದ್ದಾನೆ.

ಬಾಯಿಗೆ ಬಂದಂತೆ ಬೈದೆ. ನನ್ನಪ್ಪನ ವಯಸ್ಸಿನವನು.

"ಧೂಳು ಕೂತೈತೆ ಅಂದ್ಕೊಂಡೆ ಸಾಮಿ. ಮನುಷ್ಯನ್ನ ಅಷ್ಟು ಚಿಕ್ಕದಾಗಿ ಯಾರಾದ್ರೂ ತೆಗೀತಾರಾ?"

ಕುಹಕವಲ್ಲ. ತಿಳಿಯದೆಯೇ ಕೇಳಿದ.

ಪೋಲಯ್ಯನ ಹೆಂಡತಿಗೆ ಏನೆಂದು ಬರೆಯಲಿ? ಲಕೋಟೆಯ ಮೇಲೆ ವಿಳಾಸ ಬರೆದಾಗಿದೆ. ಒಳಗೆ ಆ ನೀರನ್ನೇ ಇಟ್ಟು, ಇವನೇ ನಿನ್ನ ಗಂಡ ಎಂದು...