ಇಪ್ಪತ್ತಕ್ಕೆ ಒಂದು ಕಮ್ಮಿ ತೊಡೆದೇವು

ಹುಲಗೋಳ
ಗುರುವಾರ, ೧೫-೦೨-೨೦೨೪

ನನ್ನ ಮುದ್ದು ಕೂಸು ಸಮೃದ್ಧಿ,

ಹೆತ್ತ ಆಯಿ ಮಾಡುವ ಆಶೀರ್ವಾದ. ಫೋನಿನಲ್ಲಾದರೆ ನಾನು ತಮಾಷೆ ಮಾಡುತ್ತೇನೆ, ನೀನು ನಗುತ್ತೀಯ, ವಿಷಯ ಅಲ್ಲೇ ಉಳಿಯುತ್ತದೆ. ಅದಕ್ಕೇ ಕಾಗದ.

ಮಂಗಳವಾರ ಶಿರಸಿಯ ಸಿಹಿತಿಂಡಿ ಕಾರ್ಖಾನೆಗೆ ಹೋಗಿ ತೊಡೆದೇವು ಮಾಡುವ ಕೆಲಸ ಕೇಳಿ ಬಂದೆ. ನಗಬೇಡ. ನಿನ್ನಪ್ಪನ ಮನೆಯಲ್ಲಿ ನಿನ್ನಜ್ಜಿ ಹದಿನೇಳು ವರ್ಷ ನನ್ನನ್ನು ತೊಡೆದೇವಿನ ಮಡಕೆಯ ಹತ್ತಿರ ಬಿಡಲಿಲ್ಲ. ಕಬ್ಬಿನಹಾಲಿನ ಅಕ್ಕಿಹಿಟ್ಟಿಗೆ ಬಟ್ಟೆ ಅದ್ದಿ, ಒಲೆಯ ಮೇಲಿನ ಬೋರಲು ಮಡಕೆಗೆ ಒಂದೇ ಎಳೆತಕ್ಕೆ ಕಾಗದದಷ್ಟು ತೆಳ್ಳಗೆ ಬಳಿಯುವುದು ನನಗೆಲ್ಲಿ ಬರಬೇಕು? ನಲವತ್ತು ದಿನ ಕಲಿತೆ. ಮೂರು ಮಡಕೆ ಒಡೆದೆ. ನಿನ್ನ ಕಿಶೋರ ಮಾವ ದಿನಾ ಒಲೆಯ ಹತ್ತಿರ ಬಂದು, "ಇವತ್ತೆಂತ ತಂಗಿ, ತೊಡೆದೇವನ, ಚಿಂದಿಯ?" ಎನ್ನುತ್ತಿದ್ದ. ಚಿಂದಿಯನ್ನೆಲ್ಲ ಅವನಿಗೇ ತಿನ್ನಿಸಿದೆ. ಈಗ ಅಂಗಿಯ ಗುಂಡಿ ಹಾಕಲು ಬರುತ್ತಿಲ್ಲ.

ಕೆಲಸ ಒಂದು, ಬಂದವರು ಇಪ್ಪತ್ತೆರಡು. ಒಂದು ತಾಸಿನಲ್ಲಿ ಇಪ್ಪತ್ತು ಮಾಡಬೇಕು. ಪಕ್ಕದ ಒಲೆಯಲ್ಲಿ ಭೈರುಂಬೆ ಊರಿನವಳ ಕೈ ಓಡುವುದು ನೋಡಿ ನಾನೂ ಅವಸರಕ್ಕೆ ಬಿದ್ದೆ. ಆ ಗಡಿಬಿಡಿಯಲ್ಲಿ ಮೊದಲನೆಯದನ್ನು ಎತ್ತಿದವಳೇ, ಮನೆಯ ರೂಢಿ ನೋಡು, ಬೆಂಕಿಗೆ ಹಾಕಿಬಿಟ್ಟೆ! ಕಡೆಗೆ ಹತ್ತೊಂಬತ್ತೇ ಆಯಿತು. ಮೇಲ್ವಿಚಾರಕಿ ಮಮತಾ, "ಇನ್ನೊಂದ್ ಎಲ್ಲಮ್ಮಾ?" ಎಂದರು.

"ಅಗ್ನಿದೇವ್ರಿಗೆ ಕೊಟ್ಟೆ ಮೇಡಂ, ಇನ್ನೂ ದೂರು ಬಂದಿಲ್ಲ" ಎಂದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ, ಏನೋ ಬರೆದುಕೊಂಡರು.

ಆಮೇಲೆ ತೊಡೆದೇವು ಯಾಕೆ ಹರಿಯುತ್ತದೆ ಎಂದು ಒಬ್ಬೊಬ್ಬರನ್ನೇ ಕೇಳಿದರು. "ಎನ್ನ ಕೈಲಿ ಹರಿತೇ ಇಲ್ಲೆ" ಎಂದಳು ಭೈರುಂಬೆಯವಳು. ನಾನು ಶುರುಮಾಡಿದೆ. ಉರಿ ಹೆಚ್ಚಾದರೆ ಒಂದು ಥರ ಹರಿಯುತ್ತದೆ, ಎಣ್ಣೆ ಹೆಚ್ಚಾದರೆ ಇನ್ನೊಂದು ಥರ, ಹೊಸ ಬಟ್ಟೆಯಾದರೆ ಹಿಟ್ಟೇ ಹಿಡಿಯುವುದಿಲ್ಲ... ಹನ್ನೊಂದು ಕಾರಣ ಹೇಳಿದೆ. ಎಲ್ಲವೂ ನಿನ್ನ ಮಾವನ ಹೊಟ್ಟೆ ಸೇರಿದವೇ. ಮಮತಾ ಮತ್ತೆ ಬರೆದುಕೊಂಡರು. ಒಳ್ಳೆಯದೋ ಕೆಟ್ಟದ್ದೋ, ಮುಖ ನೋಡಿದರೆ ಗೊತ್ತಾಗುವ ಹೆಂಗಸಲ್ಲ.

ಶನಿವಾರದೊಳಗೆ ಫೋನ್ ಮಾಡುತ್ತಾರಂತೆ. ನೆಟ್‌ವರ್ಕ್ ಸಿಗುವುದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಾತ್ರ. ಎರಡು ದಿನದಿಂದ ಅದರ ಮೇಲೇ ಕೂತಿದ್ದೇನೆ, ಅನ್ನ ಸೀದು ಹೋದರೂ ಏಳಲಿಲ್ಲ. ಸಿಕ್ಕರೆ ಶಿರಸಿಯಲ್ಲಿ ನಮ್ಮಿಬ್ಬರಿಗೊಂದು ಕೋಣೆ. ಕಿಶೋರಣ್ಣನ ಮನೆಗೆ ಬಂದು ಮೂರು ವರ್ಷವಾಯಿತು. ಒಂದು ದಿನವೂ ಅವನು ನಾವು ಹೊರೆ ಎಂಬಂತೆ ಒಂದು ಮಾತು ಆಡಲಿಲ್ಲ. ಅದಕ್ಕೇ ಇನ್ನು ಅವನಿಗೆ ಭಾರವಾಗಿದ್ದು ಸಾಕು ಅನ್ನಿಸುತ್ತದೆ. ಸಿಗದಿದ್ದರೆ ಏನು ಎಂಬ ಯೋಚನೆ ಬಂದಾಗಲೆಲ್ಲ ಫೋನಿನ ನೆಟ್‌ವರ್ಕ್ ಕಡ್ಡಿ ಎಣಿಸುತ್ತೇನೆ.

ನೀನು ಪರೀಕ್ಷೆಗೆ ಓದು. ಹಾಸ್ಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣು.

ಕಲ್ಲಿನ ಮೇಲಿನ
ನಿನ್ನ ಆಯಿ

ತಾ.ಕ.: ಕಾಗದ ಮಡಿಸುವಾಗ ಫೋನ್ ಬಂತು. ಸೋಮವಾರದಿಂದ ಬರಬೇಕಂತೆ, ಆ ಹನ್ನೊಂದು ಕಾರಣ ಹೊಸಬರಿಗೆ ಕಲಿಸಲು. ಕೂಸೇ, ಒಂದು ವಿಷಯ ಮುಚ್ಚಿಟ್ಟಿದ್ದೆ. ಮಂಗಳವಾರ ಶಿರಸಿಯಲ್ಲಿ ವಾಪಸ್ ಬಸ್ಸು ಹತ್ತುವ ಮೊದಲೇ ಒಬ್ಬರ ಮನೆಗೆ ಹೋಗಿ, ನನಗೆ ಕೆಲಸ ಇದೆ ಎಂದು ಹಸಿ ಸುಳ್ಳು ಹೇಳಿ, ಕೋಣೆ ಗೊತ್ತುಮಾಡಿ ಬಂದಿದ್ದೆ. ಕಿಟಕಿಯ ಬದಿ ನಿನಗೆ.