ನಲವತ್ತೆರಡು ಮೆಟ್ಟಿಲ ಕೆಳಗಿನ ನೀರು

ವಿಜಯಪುರ
ಎರಡು ಸಾವಿರದ ನೂರಾ ಐವತ್ಮೂರನೆಯ ಇಸವಿ, ಶ್ರಾವಣದ ಎರಡನೆಯ ಮಂಗಳವಾರ

ನಮ್ಮ ಮನೆತನದ ಹಿರಿಯರಾದ ನೀಲಗಂಗವ್ವಜ್ಜಿಗೆ,

ನಿಮ್ಮ ಮರಿಮಗಳ ಮೊಮ್ಮಗಳು ಮಂದಾರ ಮಾಡುವ ನಮಸ್ಕಾರಗಳು. ಮೇಲಿನ ತಾರೀಖನ್ನು ಕಂಡು ನೀವು ಈ ಕಾಗದವನ್ನು ಮಡಚಿ ಬದಿಗಿಡಬಹುದು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು. ಕ್ಷಮೆಯಿರಲಿ. ನಿಮ್ಮ ವಿಷಯವಾಗಿ ನಮ್ಮಲ್ಲಿ ಉಳಿದುಬಂದಿರುವುದು ಇಷ್ಟೇ: ನಿಮ್ಮದು ಬಹಳ ಭಾರದ ಮೈ, ಮೊಣಕಾಲು ಸವೆದು ನೀವು ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟಿದ್ದೀರಿ. ಅದೇ ಮೈ, ಅದೇ ಮೊಣಕಾಲು ನನ್ನ ಅವ್ವ ಕಸ್ತೂರವ್ವನಿಗೂ ಬಂದವು. ಅವಳ ಸಂಗತಿಯನ್ನು ನಿಮಗೆ ಹೇಳಬೇಕೆಂಬುದು ನನ್ನ ಬಹುದಿನದ ಆಸೆ.

ನಮ್ಮ ಕಾಲದಲ್ಲಿ ಬೆಳಗಿನ ಹತ್ತರ ಮೇಲೆ ಬಿಸಿಲಿನಲ್ಲಿ ನಡೆಯಲಾಗುವುದಿಲ್ಲ. ಊರಿನ ಸಂದಿಗೊಂದಿಗಳ ಮೇಲೆಲ್ಲ ದಪ್ಪ ಬಟ್ಟೆಯ ಚಪ್ಪರ ಹಾಕಿದ್ದೇವೆ. ಅವಕ್ಕೆ ನೆರಳೋಣಿ ಎನ್ನುತ್ತೇವೆ. ಸಂತೆ, ಶಾಲೆ, ಮದುವೆಯ ಮೆರವಣಿಗೆ ಎಲ್ಲವೂ ಅವುಗಳೊಳಗೇ. ಹಳೆಯ ಬಾವಿಗಳ ಹೂಳೆತ್ತಿ ನೀರು ತುಂಬಿಸಿಕೊಂಡಿದ್ದೇವೆ, ಪ್ರತಿ ಬಾವಿಗೂ ಅದನ್ನು ನೋಡಿಕೊಳ್ಳುವ ಒಬ್ಬ ನೀರಗಂಟಿ ಇದ್ದಾನೆ. ನಮ್ಮ ಪೇಟೆಯ ಬಾವಿಗೆ ನಲವತ್ತೆರಡು ಮೆಟ್ಟಿಲು. ಅವ್ವ ಅಲ್ಲಿಯೇ ಈಜು ಕಲಿತವಳು, ಮುಂದೆ ಇಪ್ಪತ್ತು ವರ್ಷ ಓಣಿಯ ಮಕ್ಕಳಿಗೆಲ್ಲ ಈಜು ಕಲಿಸಿದವಳು. ನನ್ನನ್ನೂ ಅವಳೇ ನೀರಿಗೆ ಬಿಟ್ಟದ್ದು.

ಐವತ್ತು ದಾಟುತ್ತಲೇ ಅವಳ ಮೊಣಕಾಲು ಹಿಡಿಯತೊಡಗಿದವು. ಮೊದಲು ಮೆಟ್ಟಿಲು ಇಳಿಯುವಾಗ, ಆಮೇಲೆ ಹಾಸಿಗೆಯಿಂದ ಏಳುವಾಗ, ಕಡೆಗೆ ಸುಮ್ಮನೆ ಕೂತಾಗಲೂ. ನೋವಿಗೆ ಅಂಜಿ ನಡೆಯುವುದನ್ನು ಬಿಟ್ಟಳು. ನಡೆಯದೆ ಮೈ ಇನ್ನಷ್ಟು ಬೆಳೆಯಿತು. ಸವೆದ ಕೀಲಿನ ಮೆದು ಪದರವನ್ನು ಅವರವರ ಮೈಯಿಂದಲೇ ಬೆಳೆಸಿ ಕೂರಿಸುವ ವಿದ್ಯೆ ನಮ್ಮಲ್ಲಿದೆ. ಅದಕ್ಕೆ ಮರುಮೆತ್ತೆ ಎನ್ನುತ್ತೇವೆ. ಆದರೆ ನೂರಾ ಮೂವತ್ತೆಂಟು ಕಿಲೋ ಭಾರದ ಕೆಳಗೆ ಹೊಸ ಮೆತ್ತೆ ನಿಲ್ಲುವುದಿಲ್ಲವೆಂದು ಆಸ್ಪತ್ರೆಯವರು ಅವಳನ್ನು ಹಿಂದಕ್ಕೆ ಕಳಿಸಿದರು. ಮೊದಲು ಬಾಯಿ ಕಟ್ಟಿಕೊಂಡು ಬಾ ಎಂದರಂತೆ. ಅವಳು ಆರು ವರ್ಷ ಯಾವ ಡಾಕ್ಟರ ಬಾಗಿಲನ್ನೂ ತುಳಿಯಲಿಲ್ಲ.

ನಾನೂ ಒಳ್ಳೆಯವಳಾಗಿರಲಿಲ್ಲ, ಅಜ್ಜಿ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವಳ ತಾಟಿನಿಂದ ಎರಡನೆಯ ರೊಟ್ಟಿಯನ್ನು ಎತ್ತಿ ಬುಟ್ಟಿಗೆ ಹಾಕಿದೆ. ಅವಳು ಕೈ ತೊಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಆರನೆಯ ವರ್ಷ ನಮ್ಮ ಪೇಟೆಗೆ ರೆಹಾನಾ ಇನಾಮದಾರ ಎಂಬ ಡಾಕ್ಟರು ಬಂದರು. ನಾನು ಕಾಡಿ ಬೇಡಿ ಅವರನ್ನು ಮನೆಗೆ ಕರೆತಂದೆ. ಅವರು ತೂಕದ ಯಂತ್ರವನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಅವ್ವನ ಮಗ್ಗುಲಲ್ಲಿ ಕೂತರು.

"ಮೊಣಕಾಲು ಆಮ್ಯಾಲೆ ನೋಡೂಣು, ಅವ್ವಾರ. ಮೊದಲ, ನಿಮಗ ಯಾರ್ಯಾರು ಏನೇನ್ ಅಂದಾರ, ಅದನ್ನ ಹೇಳ್ರಿ."

ಅವ್ವ ಸೆರಗಿನ ಅಂಚನ್ನು ತಿರುವಿದಳು. "ಎಲ್ಲಾರೂ ನನ್ನ ಬಾಯೇ ನೋಡ್ಯಾರ್ರಿ," ಎಂದಳು. "ಕಾಲು ಯಾರೂ ನೋಡಿಲ್ಲ."

ಡಾಕ್ಟರು ಎರಡೂ ಕಾಲುಗಳನ್ನು ನಿಧಾನವಾಗಿ ಮಡಿಸಿ ನೋಡಿದರು. ಮೈಯಿಂದ ಒಂದು ಕಿಲೋ ಇಳಿದರೂ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಹೊರೆ ನಾಲ್ಕು ಕಿಲೋ ಇಳಿಯುತ್ತದೆಂದು ತಿಳಿಸಿ ಹೇಳಿದರು. ಹಸಿವು ತಗ್ಗಿಸುವ ಔಷಧ ಕೊಟ್ಟರು. ತೊಡೆಯ ಸ್ನಾಯು ಗಟ್ಟಿಯಾಗಬೇಕು, ಅದಕ್ಕೆ ನೀರಿನೊಳಗಿನ ನಡಿಗೆಯಷ್ಟು ಒಳ್ಳೆಯದು ಇನ್ನೊಂದಿಲ್ಲ ಎಂದರು. ನೀರೆಂದ ಕೂಡಲೇ ಅವ್ವನ ಮುಖ ಬದಲಾಯಿತು. ಆದರೆ ಮೆಟ್ಟಿಲುಗಳಿದ್ದವಲ್ಲ.

ನೀರಗಂಟಿ ಲಾಡ್ಲೆಸಾಬರು ಹೂಳೆತ್ತುವ ರಾಟೆಗೆ ಒಂದು ಅಗಲವಾದ ಕುರ್ಚಿ ಕಟ್ಟಿಕೊಟ್ಟರು. ಅವ್ವ ಒಪ್ಪಲಿಲ್ಲ. ಓಣಿಯ ಮಂದಿಯೆಲ್ಲ ನೋಡುತ್ತಿರುವಾಗ ಹಗ್ಗಕ್ಕೆ ತೂಗುಬಿದ್ದು ಇಳಿಯುವುದಕ್ಕಿಂತ ಮನೆಯಲ್ಲೇ ಕೊಳೆಯುವುದು ಲೇಸೆಂದಳು. ಹದಿನಾಲ್ಕು ದಿನ ಹೀಗೆಯೇ ಕಳೆದವು. ಕೊನೆಗೊಂದು ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತ, ನನ್ನ ಕಡೆ ತಿರುಗದೆಯೇ ಹೇಳಿದಳು:

"ಅವತ್ತ ನೀ ರೊಟ್ಟಿ ತಗದಿ ನೋಡು, ಅವತ್ತಿಂದ ನಿನ್ನ ಮುಂದ ಉಣ್ಣಾಕೂ ನನಗ ನಾಚಿಕಿ."

ನಾನು ಬಾಚಣಿಗೆ ಕೆಳಗಿಟ್ಟು ಅವಳ ಬೆನ್ನಿಗೆ ಹಣೆ ಹಚ್ಚಿದೆ. ತಪ್ಪಾಯಿತೆಂದೆ. ಅವಳು, ಬಾವಿಯಲ್ಲಿ ನೀರು ಎಷ್ಟನೆಯ ಮೆಟ್ಟಿಲಿಗಿದೆ ಎಂದು ಕೇಳಿದಳು.

ಮರುದಿನ ಓಣಿಯ ಹೆಂಗಸರು ಬಾವಿಯ ಸುತ್ತ ಸೀರೆಗಳನ್ನು ಅಡ್ಡ ಹಿಡಿದು ನಿಂತರು. ಅವರಲ್ಲಿ ಅರ್ಧದಷ್ಟು ಮಂದಿ ಅವ್ವನ ಕೈಯಲ್ಲಿ ಈಜು ಕಲಿತವರು. ಕುರ್ಚಿ ಇಳಿಯಿತು. ನಾನು ಕೆಳಗೆ ಎದೆಮಟ್ಟದ ನೀರಿನಲ್ಲಿ ಕೈ ಚಾಚಿ ನಿಂತಿದ್ದೆ. ಅವ್ವ ನನ್ನ ತೋಳಿನ ಮೇಲೆ ಒರಗಿದಳು, ಕೂಸಿನಷ್ಟೇ ಹಗುರವಿದ್ದಳು. ಬಲಗಾಲನ್ನು ಮೆಲ್ಲಗೆ ಎತ್ತಿ ಮಡಿಸಿದಳು, ಮತ್ತೆ ಚಾಚಿದಳು.

"ನೋಡ, ಬಾಗತೈತಿ," ಎಂದಳು. ಆಮೇಲೆ ಸುಮ್ಮನೆ ಮುಖ ತೊಳೆಯುತ್ತಲೇ ಇದ್ದಳು, ಅಳುತ್ತಿರುವುದು ನನಗೆ ತಿಳಿಯಬಾರದೆಂದು.

ಪವಾಡವೇನೂ ಆಗಲಿಲ್ಲ. ಎರಡು ವರ್ಷದಲ್ಲಿ ಇಪ್ಪತ್ತೊಂದು ಕಿಲೋ ಇಳಿಯಿತು. ಎಡಗಾಲಿಗೆ ಮರುಮೆತ್ತೆ ಕೂರಿಸಿದರು. ಬಲಗಾಲು ಕೊನೆಯವರೆಗೂ ನೋಯುತ್ತಿತ್ತು. ಆದರೂ ಕೋಲೂರಿಕೊಂಡು ನೆರಳೋಣಿಯ ತುದಿಯವರೆಗೆ ಹೋಗಿ ಅವಳೇ ಮೆಂತ್ಯದ ಸೊಪ್ಪು ಆರಿಸಿ ತರುತ್ತಿದ್ದಳು. ನನ್ನೆದುರಿಗೆ ಕೂತು ಹೊಟ್ಟೆ ತುಂಬ ಉಣ್ಣುತ್ತಿದ್ದಳು. ಹೀಗೆ ಹನ್ನೊಂದು ವರ್ಷ ಬದುಕಿದಳು.

ಅವಳು ಹೋಗಿ ಈಗ ಒಂಬತ್ತು ವರ್ಷ. ಇವತ್ತಿಗೂ ಬಾವಿಗಿಳಿದರೆ ನನ್ನ ತೋಳುಗಳು ತಾವಾಗಿ ಮುಂದಕ್ಕೆ ಚಾಚಿಕೊಳ್ಳುತ್ತವೆ. ನೀರು ಮಾತ್ರ ಸಿಗುತ್ತದೆ.

ಅಜ್ಜಿ, ನೀವಿರುವಲ್ಲಿಗೆ ನನ್ನ ಕೈ ಎಟುಕುವುದಿಲ್ಲ. ಆದ್ದರಿಂದ ಬೇಡಿಕೊಳ್ಳುತ್ತಿದ್ದೇನೆ. ಎಲ್ಲಿ ನೋಯುತ್ತಿದೆಯೆಂದು ಮನೆಯವರಿಗೆ ಬಾಯಿಬಿಟ್ಟು ಹೇಳಿರಿ. ಒಬ್ಬ ಡಾಕ್ಟರು ಗದರಿದರೆ ಇನ್ನೊಬ್ಬರ ಬಳಿಗೆ ಹೋಗಿರಿ. ಕೈ ಕೊಡಲು ಬಂದವರಿಗೆ ಭಾರವಾದೇನೆಂದು ಅಂಜಬೇಡಿರಿ. ನಾನು ಹನ್ನೊಂದು ವರ್ಷ ಕೈ ಕೊಟ್ಟವಳು. ಇನ್ನೊಂದು ಬೆಳಗಾದರೂ ಕೊಡಲು ಸಿಕ್ಕಿದ್ದರೆ ಎಂದು ದಿನವೂ ಹಂಬಲಿಸುತ್ತೇನೆ.

ನಿಮ್ಮವಳೇ ಆದ,
ಮಂದಾರ