ನಿಮ್ಮ ಸೊನ್ನೆಯೊಳಗೆ ನನ್ನ ಅಕ್ಕನಿದ್ದಾಳೆ

ಬೆಳವಣಿಗೆಯ ತೊಂದರೆಗಳ ಸಂಶೋಧನಾ ಸಮೀಕ್ಷೆಯ ನಿರ್ದೇಶಕರಿಗೆ ಬಹಿರಂಗ ಪತ್ರ

ಮಾನ್ಯರೇ,

ಮುನವಳ್ಳಿ ಮತ್ತು ಸುತ್ತಲಿನ ಒಂಬತ್ತು ಹಳ್ಳಿಗಳಲ್ಲಿ ಆಟಿಸಂ ಇರುವ ಮಕ್ಕಳು ಸೊನ್ನೆ, ವಯಸ್ಕರು ಸೊನ್ನೆ ಎಂದು ತಮ್ಮ ವರದಿ ಹೇಳುತ್ತದೆ. ತಿಂಗಳಿಗೊಂದು ದಿನ ಒಬ್ಬ ತಜ್ಞ ವೈದ್ಯರನ್ನು ನಮ್ಮೂರ ಸರಕಾರಿ ದವಾಖಾನೆಗೆ ಕಳಿಸಿಕೊಡಿ ಎಂದು ಹನ್ನೊಂದು ಮನೆಗಳವರು ಬರೆದ ಅರ್ಜಿಯನ್ನು ಅದೇ ಸೊನ್ನೆಯ ಬಲದ ಮೇಲೆ ತಮ್ಮ ಕಚೇರಿ ತಿರಸ್ಕರಿಸಿದೆ. "ಸದರಿ ಪ್ರದೇಶದಲ್ಲಿ ಯಾವುದೇ ಪ್ರಕರಣ ಕಂಡುಬಂದಿರದ ಕಾರಣ ತಮ್ಮ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ" ಎಂಬುದು ಉತ್ತರ. ಹನ್ನೊಂದು ಮಕ್ಕಳ ಹೆಸರು, ವಯಸ್ಸು, ಓಣಿ ಬರೆದ ಕಾಗದವನ್ನು ಎದುರಿಗಿಟ್ಟುಕೊಂಡು, ಹನ್ನೊಂದೂ ಮಕ್ಕಳು ಇಲ್ಲವೆಂದು ಟೈಪು ಮಾಡಿಸುವುದಕ್ಕೆ ಎಷ್ಟು ವರ್ಷದ ಸೇವಾನುಭವ ಬೇಕಾಗುತ್ತದೆ, ತಿಳಿಸುವಿರಾ?

ಹೀಗೆ ಶುರು ಮಾಡಿ ನಿಮ್ಮನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳಬೇಕೆಂದು ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದು ಹಾಕಿದೆ. ಬಯ್ಯಲು ಮಾತು ಸಿಗಲಿಲ್ಲವೆಂದಲ್ಲ. ಇಪ್ಪತ್ತಾರು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿರುವವನಿಗೆ ಆ ಕೊರತೆ ಇಲ್ಲ. ತೊಂದರೆ ಬೇರೆಯೇ ಇದೆ. ಆ ಸೊನ್ನೆಯನ್ನು ನಿಮಗೆ ಕೊಟ್ಟವರಲ್ಲಿ ನಾನೇ ಮೊದಲಿಗ. ಆದ್ದರಿಂದ ಈ ಪತ್ರದಲ್ಲಿ ನಿಮ್ಮ ತಪ್ಪಿನ ಪಕ್ಕದಲ್ಲಿ ನನ್ನದನ್ನೂ ಬರೆಯುತ್ತೇನೆ. ಓದುವ ಸಾರ್ವಜನಿಕರು ಯಾವುದು ದೊಡ್ಡದೆಂದು ಅಳೆದುಕೊಳ್ಳಲಿ.

೨೦೦೪ರ ಡಿಸೆಂಬರಿನಲ್ಲಿ ತಮ್ಮ ಜೀಪು ನಮ್ಮ ಶಾಲೆಯ ಮುಂದೆ ಬಂದು ನಿಂತಿತು. ಅದರಿಂದ ಇಳಿದವಳು ಶೀತಲ ಎಂಬ ಹುಡುಗಿ, ಧಾರವಾಡದಲ್ಲಿ ಎಂ.ಎ. ಮುಗಿಸಿ ತಮ್ಮ ಸಮೀಕ್ಷೆಗೆ ಸೇರಿದ್ದವಳು. ಊರು ಬಲ್ಲವರೊಬ್ಬರು ಜೊತೆಗೆ ಬೇಕೆಂದಳು. ಹೆಡ್‌ಮಾಸ್ತರರು ನನ್ನನ್ನು ತೋರಿಸಿದರು. ಅವಳ ಕೈಯಲ್ಲಿದ್ದ ಫಾರ್ಮಿನ ಮೊದಲನೆಯ ಪ್ರಶ್ನೆ ಹೀಗಿತ್ತು: "ಮಗುವಿನಲ್ಲಿ ವಿಕಾಸಾತ್ಮಕ ನ್ಯೂನತೆ ಇರುವುದೇ? ಇಲ್ಲವಾದಲ್ಲಿ ವಯಸ್ಕರ ಪುಟ ಮುಗಿಸಿ ಮುಂದಿನ ಮನೆಗೆ ತೆರಳುವುದು." ನಾನು ನಕ್ಕೆ. ಇದು ಯಾವ ಊರಿನ ಕನ್ನಡ, ನಮ್ಮ ಹೆಣ್ಣುಮಕ್ಕಳಿಗೆ ತಿಳಿಯುವಂತೆ ಬರೆಯಬೇಕು ಎಂದು ಶಾಯಿಪೆನ್ನು ತೆಗೆದು ಅದನ್ನು ಹೊಡೆದುಹಾಕಿ, "ಮಗುವಿಗೆ ಏನಾದರೂ ಕೊರತೆ ಇದೆಯೇ?" ಎಂದು ತಿದ್ದಿದೆ. ಶೀತಲ ಖುಷಿಯಾದಳು. ತಮ್ಮ ಕಚೇರಿಗೆ ಫೋನು ಮಾಡಿ ಒಪ್ಪಿಗೆಯನ್ನೂ ಪಡೆದಳು. ಸಮೀಕ್ಷೆ ನಡೆದ ನಾಲ್ಕೂ ತಾಲೂಕಿಗೆ ಅದೇ ಪ್ರಶ್ನೆ ಹೋಯಿತೆಂದು ಆಮೇಲೆ ಕೇಳಿ ನಾನು ಉಬ್ಬಿಹೋಗಿದ್ದೆ. ಸರಳಗನ್ನಡದ ಸೇವೆ ಮಾಡಿದ ಹೆಮ್ಮೆ ನನ್ನದು.

ಆ ಪ್ರಶ್ನೆಯನ್ನು ಹಿಡಿದುಕೊಂಡು ನಾವು ಹೋದ ಮೂರನೆಯ ಮನೆ ಅನ್ನಪೂರ್ಣಾಳದು. ಏಳನೇ ಇಯತ್ತೆಯವರೆಗೆ ಓದಿ, ಮದುವೆಯಾಗಿ ನಮ್ಮೂರಿಗೆ ಬಂದ ಸೊಸೆ. ಅವಳ ನಾಲ್ಕು ವರ್ಷದ ಮಗ ಸಾಗರ ಪಡಸಾಲೆಯಲ್ಲಿ ಬೋರಲು ಮಲಗಿ, ಒಂದು ಡಬ್ಬಿಯ ಮುಚ್ಚಳವನ್ನು ಗಿರಗಿರ ತಿರುಗಿಸುತ್ತ ಅದನ್ನೇ ನೋಡುತ್ತಿದ್ದ. ನಾವು ಬಂದದ್ದು, ಕೂತದ್ದು, ಹೆಸರು ಹಿಡಿದು ಕರೆದದ್ದು ಯಾವುದೂ ಅವನಿಗೆ ಬೇಕಿರಲಿಲ್ಲ. ಶೀತಲ ಪ್ರಶ್ನೆ ಓದಿದಳು. ಉತ್ತರ ಬಂದದ್ದು ಅನ್ನಪೂರ್ಣಾಳ ಅತ್ತೆಯಿಂದ.

"ಯಾತರ ಕೊರತಿರಿ? ಹಿತ್ತಲದಾಗ ಎರಡು ಎಮ್ಮಿ ಹಿಂಡತಾವು. ಹಾಲೈತಿ, ಬೆಣ್ಣಿ ಐತಿ. ಕೇಳಿದ್ದು ಇಲ್ಲ ಅನ್ನಂಗಿಲ್ಲ ಅವರಜ್ಜ. ಏನವಾ, ನೀನ ಹೇಳು, ಕಮ್ಮಿ ಏನ ಮಾಡೇವಿ ಹುಡುಗಗ?"

ಅನ್ನಪೂರ್ಣಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಇಲ್ರಿ, ಏನೂ ಕೊರತಿ ಇಲ್ರಿ" ಎಂದಳು.

ಅಪರಿಚಿತರ ಮುಂದೆ, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈ ಮನೆಯಲ್ಲಿ ಕೊರತೆ ಇದೆ ಎನ್ನುವ ಸೊಸೆ ನಮ್ಮ ಕಡೆ ಇನ್ನೂ ಹುಟ್ಟಿಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು. ಮುಚ್ಚಳ ಇನ್ನೂ ತಿರುಗುತ್ತಲೇ ಇತ್ತು. ನಾನು ನೋಡಿದೆ, ಶೀತಲಳೂ ನೋಡಿದಳು. ಆದರೆ ಫಾರ್ಮು ಮುಂದಿನ ಮನೆಗೆ ಹೋಗು ಎನ್ನುತ್ತಿತ್ತು. ಹೋದೆವು. ಹೀಗೆ ಹದಿನೇಳು ದಿನ, ಮನೆಮನೆಗೆ ಹೋಗಿ, ನಿಮ್ಮ ಮಗುವಿಗೆ ಉಣ್ಣಲು ಉಡಲು ಕಡಿಮೆ ಮಾಡಿದ್ದೀರಾ ಎಂದು ತಾಯಂದಿರನ್ನು ಕೇಳಿ ಬಂದೆವು. ಎಲ್ಲರೂ ಇಲ್ಲವೆಂದರು. ತಾವು ಅದನ್ನು ಕೂಡಿಸಿ ಸಂಶೋಧನೆ ಎಂದು ಕರೆದಿರಿ. ಇಷ್ಟೊಂದು ಹಳ್ಳಿಗಳಲ್ಲಿ ಒಂದೂ ಇಲ್ಲ ಎಂದರೆ ಎಲ್ಲಿಯೋ ಎಡವಟ್ಟಾಗಿದೆ ಎಂದು ತಮ್ಮ ಕಚೇರಿಯ ಒಬ್ಬರಿಗಾದರೂ ಅನಿಸಲಿಲ್ಲವೇ? ಅಥವಾ ಸೊನ್ನೆ ಬಂದರೆ ಕೆಲಸ ಹಗುರವೆಂದು ಸಮಾಧಾನವಾಯಿತೇ?

ಸಾಗರನಿಗೆ ಐದು ತುಂಬಿ ಆರು ಹಿಡಿದರೂ ಮಾತು ಬರಲಿಲ್ಲ. ಅನ್ನಪೂರ್ಣಾ ಹಟ ಹಿಡಿದು ಅವನನ್ನು ಧಾರವಾಡಕ್ಕೆ ಕರೆದೊಯ್ದು, ಡಾಕ್ಟರ ಬಾಯಿಂದ ಆಟಿಸಂ ಎಂಬ ಶಬ್ದ ಕೇಳಿಕೊಂಡು ಬಂದಳು. ಬಂದವಳು ಸುಮ್ಮನೆ ಕೂರಲಿಲ್ಲ. ನೀರಿಗೆ ಹೋದಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಬಸ್ಸಿನಲ್ಲಿ ಸಿಕ್ಕ ತಾಯಂದಿರನ್ನು, "ನಿಮ್ಮ ಹುಡುಗ ಹೆಂಗ ಆಡತಾನವಾ? ಕರದ್ರ ಓಗೊಡತಾನೇನು?" ಎಂದು ಕೇಳಿದಳು. ಒಂದು ತಿಂಗಳಲ್ಲಿ ಹನ್ನೊಂದು ಮಕ್ಕಳು ಸಿಕ್ಕರು. ತಮ್ಮಲ್ಲಿ ಜೀಪಿತ್ತು, ಎಂ.ಎ. ಇತ್ತು, ಮೂರು ಪ್ರತಿಯ ಫಾರ್ಮು ಇತ್ತು. ಅವಳಲ್ಲಿ ಇದ್ದದ್ದು ಕೇಳುವ ರೀತಿ ಮಾತ್ರ.

ಅರ್ಜಿ ಬರೆದುಕೊಡಿ ಎಂದು ಅವಳು ನನ್ನಲ್ಲಿಗೇ ಬಂದಳು. ಬಂದಾಗ ಒಂದು ಮಾತು ಹೇಳಿದಳು. "ಗುರುಗಳ, ಅವತ್ತ ನೀವು ಕೇಳಿದ್ದು ನನ್ನ ಮಗನ ಸುದ್ದಿ ಅಂತ ನನಗ ತಿಳೀಲೇ ಇಲ್ರಿ. ಮನಿ ಸುದ್ದಿ ಕೇಳಾಕತ್ತಾರ ಅನಕೊಂಡೆ." ಬಯ್ದು ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ತನ್ನದೇ ತಪ್ಪೆಂಬಂತೆ ಹೇಳಿದಳು. ನನಗೆ ತಲೆ ಎತ್ತಲಾಗಲಿಲ್ಲ.

ಅರ್ಜಿಯನ್ನು ಚೆಂದವಾಗಿ ಬರೆದೆ. ತಾವು ಅದನ್ನು ತಿರಸ್ಕರಿಸಿದ ಪತ್ರವನ್ನು ತಂದು ತೋರಿಸಿದ ದಿನ ಅನ್ನಪೂರ್ಣಾ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ ಕೇಳಿದಳು: "ತಪ್ಪ ತಿಳೀಬ್ಯಾಡ್ರಿ ಗುರುಗಳ. ನಿಮ್ಮ ಅಕ್ಕಾರ ಹೆಸರ ಯಾಕ ಬರೀಲಿಲ್ರಿ?"

ಇನ್ನು ಮುಂದಿನದನ್ನು ಬರೆಯುವುದು ನನಗೆ ಕಷ್ಟ, ಆದರೂ ಬರೆಯುತ್ತೇನೆ. ನನಗೊಬ್ಬ ಅಕ್ಕನಿದ್ದಾಳೆ. ಹೆಸರು ಶಟ್ಟೆವ್ವ, ನನಗಿಂತ ಮೂರು ವರ್ಷ ದೊಡ್ಡವಳು. ಮದುವೆಯಾಗಿಲ್ಲ. ಹುಟ್ಟಿದ ಮನೆಯಲ್ಲೇ, ನನ್ನ ಜೊತೆಗೇ ಇದ್ದಾಳೆ. ಜೋಳ ಹಸನು ಮಾಡಲು ಕೂತರೆ ಮೊರದಲ್ಲಿ ಒಂದು ಹರಳು ಉಳಿಯುವುದಿಲ್ಲ. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಡದೆ ಅವಳಿಗೆ ನೆಮ್ಮದಿಯಿಲ್ಲ. ತಾನಾಗಿ ಮಾತು ಕಟ್ಟುವುದಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ, ಹೇಳಿದವರ ದನಿಯಲ್ಲೇ ಹೇಳುತ್ತಾಳೆ. ಧಾರವಾಡ ಆಕಾಶವಾಣಿಯ ವಾರ್ತೆ ಅವಳ ಬಾಯಿಂದ ಬಂದರೆ ರೇಡಿಯೋ ಹಚ್ಚಿದ್ದೀರಾ ಎಂದು ನೆರೆಯವರು ಕೇಳುತ್ತಾರೆ. ಊರಿಗೆಲ್ಲ ಗೊತ್ತಿರುವ ಸಂಗತಿ ಇದು. ಗೊತ್ತಿಲ್ಲದವರ ಮುಂದೆ ಮುಚ್ಚಿಡುವುದೊಂದೇ ನನ್ನಿಂದ ಆಗುತ್ತಿದ್ದ ಕೆಲಸ.

ಸಮೀಕ್ಷೆಯ ಕೊನೆಯ ದಿನ ಶೀತಲಳನ್ನು ಮನೆಗೆ ಕರೆದಿದ್ದೆ. ನನ್ನ ಹೆಂಡತಿ ಸುಂದರವ್ವ ಅವಲಕ್ಕಿ, ಚಹಾ ಕೊಟ್ಟಳು. ಶೀತಲ ಚೀಲದಿಂದ ಒಂದು ಕಾಗದ ತೆಗೆದು, "ಸರ್, ಒಂದು ಫಾರ್ಮು ಉಳದೈತ್ರಿ. ನಿಮ್ಮ ಮನಿದ ತುಂಬಿಬಿಡೂಣೇನ್ರಿ?" ಎಂದಳು. ಮಕ್ಕಳ ಪುಟಕ್ಕೆ ಇಲ್ಲ ಎಂದೆ. ಅದು ನಿಜವೇ. ವಯಸ್ಕರ ಪುಟ ತಿರುವುತ್ತಿದ್ದಾಗ ಅಕ್ಕ ಹಿತ್ತಲಿಂದ ಬಂದು, ನೆಟ್ಟಗೆ ಬಾಗಿಲಿಗೆ ಹೋಗಿ, ಶೀತಲಳ ಚಪ್ಪಲಿಯನ್ನು ಸಾಲಿನಲ್ಲಿ ಅದರ ಜಾಗಕ್ಕೆ ಇಟ್ಟು, "ನಿಮ್ಮ ಮನಿದ ತುಂಬಿಬಿಡೂಣೇನ್ರಿ" ಎಂದು ಶೀತಲಳ ದನಿಯಲ್ಲೇ ಹೇಳಿದಳು. ಹುಡುಗಿ ಚುರುಕು. ಪೆನ್ನು ಹಿಡಿದ ಕೈ ನಿಂತಿತು.

"ಇವರು ಯಾರ್ರಿ ಸರ್?"

"ಮನಿ ಕೆಲಸದಾಕಿ ಅದಾಳರಿ" ಎಂದೆ.

ನಾಲಿಗೆ ಜಾರಿತು ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಜಾರಲಿಲ್ಲ. ಮಗಳ ಮದುವೆಗೆ ಅಡ್ಡಿಯಾಗುತ್ತದೆಂದು ಹೇಳಿದೆ ಎನ್ನೋಣವೆಂದರೆ, ಮಗಳ ಮದುವೆ ಆಗಿ ಎರಡು ವರ್ಷವಾಗಿತ್ತು. ಯಾವ ಕಾರಣವೂ ಇರಲಿಲ್ಲ. ಓದಿದ ಹುಡುಗಿಯೊಬ್ಬಳು ಹದಿನೇಳು ದಿನದಿಂದ ನನ್ನನ್ನು ಸರ್, ಸರ್ ಎನ್ನುತ್ತಿದ್ದಳು. ಅವಳ ಕಣ್ಣಲ್ಲಿ ಸಣ್ಣವನಾಗಲು ಮನಸ್ಸಿರಲಿಲ್ಲ, ಅಷ್ಟೇ. ಶೀತಲ ಪುಟ ಮುಚ್ಚಿ ಸೊನ್ನೆ ಹಾಕಿದಳು. ನಾನು ಕೆಳಗೆ ಸಹಿ ಮಾಡಿದೆ. ಸುಂದರವ್ವ ಚಹಾದ ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದವಳು, ಜೀಪು ಹೋದ ಮೇಲೆ ಬಂದು ಕೇಳಿದಳು: "ಅಕ್ಕಾರನ ಇವತ್ತ ಊಟಕ್ಕ ಎಲ್ಲಿ ಕುಂದರಸ್ಲಿರಿ? ನಮ್ಮ ಕೂಡನೋ, ಹಿತ್ತಲದಾಗೋ?"  

ಅನ್ನಪೂರ್ಣಾ ಬಾಗಿಲಲ್ಲಿ ನಿಂತು ಕೇಳಿದ ಮೇಲೆ, ಕಳೆದ ಜನವರಿಯಲ್ಲಿ, ಅಕ್ಕನನ್ನು ಧಾರವಾಡಕ್ಕೆ ಕರೆದೊಯ್ದೆ. ಡಾಕ್ಟರು ಅವಳ ಜೊತೆ ಒಂದು ತಾಸು ಕೂತು ಅದೇ ಆಟಿಸಂ ಎಂಬ ಹೆಸರು ಹೇಳಿದರು. ಐವತ್ತಾರನೆಯ ವಯಸ್ಸಿಗೆ ಅವಳಿಗೆ ಆ ಹೆಸರು ಸಿಕ್ಕಿತು. ಇದು ಮಕ್ಕಳಿಗೆ ಬರುವುದಲ್ಲವೇ ಎಂದು ನಾನು ಕೇಳಿದೆ. "ಹುಟ್ಟಿನಿಂದನ ಇರತೈತ್ರಿ ಮಾಸ್ತರ್ರ. ಮಕ್ಕಳು ದೊಡ್ಡವರಾಗತಾರ, ಇದೆಲ್ಲಿ ಹೋಗಬೇಕು? ಇವರು ಕೇಳಿದ ಮಾತು ಬಿಡೂದಿಲ್ಲ. ಹಂಗಾಗಿ ಇವರ ಮುಂದ ಏನ ಮಾತಾಡತೀರಿ ಅನ್ನೂದು ನೋಡಕೋರಿ" ಎಂದರು. ನಾನು ತಲೆ ಆಡಿಸಿದೆ.

ಮರಳುವಾಗ ಬಸ್‌ನಿಲ್ದಾಣದಲ್ಲಿ ನಮ್ಮೂರ ಕಡೆಯ ಸವದತ್ತಿ ಬಸ್ಸು ಎಲ್ಲಿ ಹಚ್ಚುತ್ತಾರೆಂದು ವಿಚಾರಿಸಿ ತಿರುಗುವಷ್ಟರಲ್ಲಿ ಅಕ್ಕ ಇರಲಿಲ್ಲ. ಮಧ್ಯಾಹ್ನ ಒಂದು ಗಂಟೆಯಿಂದ ನಾಲ್ಕರವರೆಗೆ ಹುಚ್ಚನಂತೆ ತಿರುಗಿದೆ. ತಿರುಗುವಾಗ ನನಗೊಂದೇ ಧೈರ್ಯ. ನಮ್ಮವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂರಿಸಿಕೊಂಡು ಎರಡು ವರ್ಷ ಬಿಡದೆ ಅಕ್ಕನಿಗೆ ಒಂದು ಮಾತು ಕಲಿಸಿದ್ದಳು, ಎಲ್ಲಿಯಾದರೂ ತಪ್ಪಿಸಿಕೊಂಡರೆ ಇರಲಿ ಎಂದು. ಯಾರು ನೀನು ಎಂದರೆ ಅವ್ವನ ದನಿಯಲ್ಲಿ ಹೇಳುತ್ತಿದ್ದಳು: "ನಾ ಶಟ್ಟೆವ್ವ. ಮುನವಳ್ಳಿ ಗುರುಪಾದಪ್ಪನ ಮಗಳು. ಪಂಚಲಿಂಗೇಶ್ವರ ಗುಡಿ ಹಿಂದ ನಮ್ಮ ಮನಿ." ಅದನ್ನು ಹೇಳಿದರೆ ಯಾರಾದರೂ ಕರೆತರುತ್ತಾರೆ ಎಂದುಕೊಂಡೆ.

ಕೊನೆಗೆ ಪೊಲೀಸ್ ಚೌಕಿಯ ಬೆಂಚಿನ ಮೇಲೆ ಕೂತಿದ್ದಳು. ಗಂಗಯ್ಯ ಎಂಬ ಕಾನ್‌ಸ್ಟೇಬಲ್ ಅವಳಿಗೆ ಚಹಾ ಕುಡಿಸಿದ್ದರು. "ಬರ್ರಿ, ನಿಮ್ಮವರೇನ್ರಿ ಇವರು? ಎಷ್ಟ ಕೇಳಿದರೂ ಕೆಲಸದಾಕಿ ಅಂತನ ಹೇಳಾಕತ್ತಾರ. ಯಾರ ಮನಿಯವರು ಅಂತ ನಾಕು ಕಡೆ ಫೋನು ಮಾಡಿದ್ವಿ. ಮಾಲಕರು ನೀವೇನ್ರಿ?"

"ಅಲ್ಲರಿ. ನಾನು ತಮ್ಮ" ಎಂದೆ. ಐವತ್ಮೂರು ವರ್ಷದಲ್ಲಿ, ಗುರುತಿಲ್ಲದವರ ಮುಂದೆ ಆ ಮಾತನ್ನು ನಾನು ಹೇಳಿದ್ದು ಅದೇ ಮೊದಲು.

ಗಂಗಯ್ಯನವರು ಖಾತ್ರಿ ಮಾಡಿಕೊಳ್ಳಲೆಂದು ಅವಳ ಕಡೆ ತಿರುಗಿ, "ಯಾರವಾ ನೀನು?" ಎಂದು ಇನ್ನೊಮ್ಮೆ ಕೇಳಿದರು. "ಮನಿ ಕೆಲಸದಾಕಿ ಅದಾಳರಿ" ಎಂದಳು ಅಕ್ಕ. ನನ್ನ ದನಿ, ನನ್ನ ಗತ್ತು, ಶೀತಲಳ ಮುಂದೆ ನಾನು ತಂದುಕೊಂಡಿದ್ದ ಆ ಸಣ್ಣ ನಗು ಕೂಡ. ಗಂಗಯ್ಯನವರು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. ಯಾರ ಮಾತೆಂದು ಅವರಿಗೆ ತಿಳಿಯಿತು. ಸಹಿಗೆಂದು ರಿಜಿಸ್ಟರು ಮುಂದಿಟ್ಟರು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಮಾನ್ಯರೇ, ಈಗ ನನ್ನ ಬೇಡಿಕೆ. ಈ ಊರುಗಳ ಎದುರಿಗೆ ತಾವು ಬರೆದ ಸೊನ್ನೆಯನ್ನು ರದ್ದುಪಡಿಸಿ. ಸಮೀಕ್ಷೆಯನ್ನು ಹೊಸದಾಗಿ ಮಾಡಿಸಿ, ಪ್ರಶ್ನೆ ಕೇಳುವ ಕೆಲಸವನ್ನು ಅನ್ನಪೂರ್ಣಾಳಂಥವರಿಗೆ ಕೊಡಿ. ನನ್ನಂಥ ಗುರುಗಳಿಗೆ ಕಾಗುಣಿತ ತಿದ್ದುವುದಕ್ಕಿಂತ ಹೆಚ್ಚಿನದನ್ನು ಒಪ್ಪಿಸಬೇಡಿ. ತಿಂಗಳಿಗೊಂದು ದಿನ ಡಾಕ್ಟರನ್ನು ನಮ್ಮೂರಿಗೆ ಕಳಿಸಿ. ಈ ಮಕ್ಕಳನ್ನೂ ಈ ಮುದುಕಿಯರನ್ನೂ ಗದ್ದಲದ ಬಸ್‌ನಿಲ್ದಾಣಗಳ ಮೂಲಕ ಎಳೆದೊಯ್ಯುವ ಕಷ್ಟ ತಮ್ಮ ಕಡತದ ಯಾವ ಕಾಲಮ್ಮಿನಲ್ಲಿಯೂ ಹಿಡಿಯುವುದಿಲ್ಲ. ತಪ್ಪು ಮಾಹಿತಿ ಕೊಟ್ಟವನೆಂದು ನನ್ನ ಮೇಲೆ ಕ್ರಮ ಕೈಗೊಳ್ಳುವಿರಾದರೆ ಕೈಗೊಳ್ಳಿ, ಆದರೆ ನನ್ನ ಸುಳ್ಳಿಗೆ ಸಾಗರನಿಗೆ ಶಿಕ್ಷೆ ಕೊಡಬೇಡಿ. ಅವನಿಗೆ ಈಗ ಏಳು ವರ್ಷ. ಕಲಿಯುವ ವಯಸ್ಸು ಯಾವ ಕಚೇರಿಯ ಉತ್ತರಕ್ಕೂ ಕಾಯುವುದಿಲ್ಲ.

ತಮ್ಮವರು ನಮ್ಮ ಮನೆಗೂ ಬರಲಿ. ಬಂದವರು ಅಕ್ಕನನ್ನು ಯಾರು ನೀವು ಎಂದು ಕೇಳುತ್ತಾರೆ. ಅವ್ವನ ಮಾತನ್ನು ಸುಂದರವ್ವ ಮತ್ತು ನಾನು ದಿನಾ ರೊಟ್ಟಿ ಬಡಿಯುವ ಹೊತ್ತಿಗೆ ಕೂತು ಹೇಳಿಕೊಡುತ್ತಿದ್ದೇವೆ. ಎಂಟು ತಿಂಗಳಾಯಿತು, ಆ ಮಾತು ಅವಳ ಬಾಯಿಗೆ ಇನ್ನೂ ಮರಳಿ ಬಂದಿಲ್ಲ. ಆದ್ದರಿಂದ ಅವಳು ಹೇಳಿದ್ದನ್ನು ಬರೆದುಕೊಳ್ಳಬೇಡಿ. ಫಾರ್ಮಿನಲ್ಲಿ ಯಜಮಾನನಿಗೆ ಸಂಬಂಧ ಎಂಬಲ್ಲಿ ಒಡಹುಟ್ಟಿದ ಅಕ್ಕ ಎಂದು ಬರೆಯಿರಿ. ಈ ಸಲ ನಾನು ಅದನ್ನು ಓದಿ ಸಹಿ ಮಾಡುತ್ತೇನೆ.

ಇಂತಿ, ತಮ್ಮ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ನಾಚಿಕೆಯೇ ಹೆಚ್ಚಾಗಿರುವ,

ಉಳವಪ್ಪ ಗುರುಪಾದಪ್ಪ ಹಂಚಿನಾಳ
ಶಟ್ಟೆವ್ವನ ತಮ್ಮ
ಮುನವಳ್ಳಿ, ಸೆಪ್ಟೆಂಬರ್ ೨೦೦೭